ಬಾಗಿಲಿಗೆ ಬಂದು ಕೇಳಿದ ನೀರು

ನಮ್ಮೂರಿನ ಹೊಂಡದ ಮೆಟ್ಟಿಲ ಬಳಿ ಒಂದು ಫಲಕವಿದೆ: 'ಈ ನೀರು ಸ್ನಾನಕ್ಕೆ ಯೋಗ್ಯ.' ಮಂಠಾಳದ ಬಸ್ಸಿನಲ್ಲಿ ಕೂತರೂ ಕಾಣುತ್ತದೆ. ನಾನೀಗ ಆ ಕಡೆಯ ಕಿಟಕಿಗೆ ಕೂರುವುದಿಲ್ಲ.

ಹೊಂಡದ ಎದುರಿನ ಮನೆ ನನ್ನ ಸೋದರತ್ತೆಯದು. ಅಮಾವಾಸ್ಯೆಗೊಮ್ಮೆ ಅಲ್ಲಿ ಮುಳುಗು ಹಾಕಲೇಬೇಕು ಅವಳಿಗೆ. ಈ ಮಳೆಗಾಲದಲ್ಲಿ ನೀರು ಕದಡಿತ್ತು, ದಂಡೆಯಲ್ಲಿ ಸತ್ತ ಇಲಿ ತೇಲುತ್ತಿತ್ತು. ಬೇಡ ಎಂದೆ.

"ಬೋರ್ಡ್ ಓದಾಕ ಬರಲ್ಲೇನು? ಕಾಲೇಜು ಕಲ್ತು ಏನ್ ಮಾಡ್ದಿ ತಮ್ಮಾ?" ಎಂದು ನಕ್ಕು, ಒಡೆದ ಹಿಮ್ಮಡಿ ಊರುತ್ತ ಇಳಿದಳು.

ಕೆಲವೇ ದಿನಕ್ಕೆ ಜ್ವರ. ಕಣ್ಣು ಹಳದಿಯಾಯಿತು, ಮೂತ್ರ ಕಟ್ಟಿತು. ಬಸವಕಲ್ಯಾಣ ದಾಟಿ ಹುಮನಾಬಾದಿನ ಆಸ್ಪತ್ರೆಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನರಳಾಟ ನಿಂತಾಗಲೆಲ್ಲ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಈಗಲೂ ಯಾರಾದರೂ ಪಕ್ಕದಲ್ಲಿ ಮಲಗಿದರೆ ಆ ಬೆರಳು ತಾನಾಗಿ ಏಳುತ್ತದೆ.

ಇಲಿಯ ಮೂತ್ರ ಬೆರೆತ ನೀರು ಹಿಮ್ಮಡಿಯ ಬಿರುಕಿನಿಂದ ಒಳಹೊಕ್ಕಿದೆ ಎಂದರು ಡಾಕ್ಟರು. "ಅಂಥಾ ನೀರಿಗಿ ಯಾಕ ಬಿಟ್ರಿ?"

"ಪರೀಕ್ಷಾ ಮಾಡ್ಯಾರ್ರಿ, ಬೋರ್ಡ್ ಹಾಕ್ಯಾರ," ಎಂದೆ ಸಿಟ್ಟಿನಿಂದ.

ಚೇತರಿಸಿಕೊಂಡ ಮೇಲೆ ಅತ್ತೆಯೇ ಹೇಳಿದಳು. "ಪರೀಕ್ಷಾ ಮಾಡೋ ಸಾಹೇಬ ಮೆಟ್ಲ ಜಾರ್ತಾವಂತ ಇಳೀಲಿಲ್ಲ. ಬಾಟ್ಲಿ ಹಿಡ್ದು ನಮ್ಮ ಬಾಗಿಲಿಗಿ ಬಂದು, 'ನೀರು ತುಂಬಿ ಕೊಡವ್ವ' ಅಂದ. ಕೊಟ್ಟೆ."

"ಹೊಂಡದ್ದಾ?"

"ಹುಚ್ಚಾ! ಬಾಗಿಲಿಗಿ ಬಂದು ನೀರು ಕೇಳ್ದವರಿಗಿ ಹೊಂಡದ್ದು ಕೊಡ್ತಾರೇನು? ಮನಿ ಕೊಡದಾಗಿಂದು ಕೊಟ್ಟೆ, ಅರಿವಿ ಕಟ್ಟಿ ಸೋಸಿದ್ದು."

ಪಾಸಾದದ್ದು ಅವಳ ಕೊಡ. ಆ ಕೊಡದ ಮಾತು ನಂಬಿ ಅವಳು ಹೊಂಡಕ್ಕೆ ಇಳಿದಿದ್ದಳು.

ಮೊನ್ನೆ ಸಾಹೇಬ ಮತ್ತೆ ಬಂದಿದ್ದ. ಅವನ ಬಾಟಲಿ ಕಸಿದು ನಾನೇ ಇಳಿದು ತುಂಬಿ ತಂದೆ. ಬಿಸಿಲಿಗೆ ಹಿಡಿದು ನೋಡಿದ. "ಇದು ಫೇಲ್ ಆಗ್ತದ್ರಿ. ಮತ್ತ ನಮಗೇ ಬೈತಾರ," ಎಂದು ಅಲ್ಲೇ ಚೆಲ್ಲಿ, ಬಾಟಲಿಯನ್ನು ಅತ್ತೆಯ ಕಡೆ ಚಾಚಿದ.

ಅತ್ತೆ ಗೋಡೆ ಹಿಡಿದು ಎದ್ದಳು. "ಕುಡಿಯಾಕ ಬೇಕೇನ್ರಿ ಸಾಹೇಬ್ರ, ಪರೀಕ್ಷಾಕೇನ್ರಿ?"

"ಪರೀಕ್ಷಾಕವ್ವ."

"ಹಂಗಾದ್ರ ಹೊಂಡ ಅಲ್ಲಿ ಅದ ನೋಡ್ರಿ," ಎಂದು ಬಾಗಿಲು ಮುಚ್ಚಿದಳು.

ಅವನು ಮುಂದಿನ ಮನೆಯ ಬಾಗಿಲು ಬಡಿಯುವುದು ಒಳಗೆ ನಮಗಿಬ್ಬರಿಗೂ ಕೇಳಿಸಿತು.