ಬಲಪಕ್ಕೆ ಮತ್ತು ವಾಲಿದ ಕನ್ನಡಿ

ಕ್ಷೌರದಂಗಡಿ ನಡೆಸುತ್ತಿದ್ದ ಅವನನ್ನು ಆ ಓಣಿಯಲ್ಲಿ ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಕತ್ತರಿ ಆಡಿದ್ದು ಕೂದಲಿಗೂ ಗೊತ್ತಾಗಬಾರದು, ಅಷ್ಟು ಹಗುರ ಕೈ. ಬಾಯಿ ಮಾತ್ರ ಕಾದ ಬಾಣಲೆ. ಗಿರಾಕಿ ಸ್ವಲ್ಪ ಅಲುಗಿದರೂ, "ತಲೆ ಇಲ್ಲೇ ಬಿಟ್ಟು ಮನೆಗೆ ಹೋಗಿ, ಆಮೇಲೆ ಕಳಿಸ್ತೀನಿ" ಎಂದು ಸಿಡುಕುತ್ತಿದ್ದ. ಆದರೂ ಜನ ಅವನ ಕುರ್ಚಿಗೇ ಕಾಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವ ಅವನ ತಮ್ಮನ ಹತ್ತಿರ ಅವಸರದವರು ಮಾತ್ರ ಹೋಗುತ್ತಿದ್ದರು.

ಕಿವಿಯ ಮುಂದಿನ ಕೂದಲನ್ನು ಎರಡೂ ಕಡೆ ಸಮ ಮಾಡುವುದಕ್ಕೆ ಅವನದೇ ಒಂದು ಲೆಕ್ಕವಿತ್ತು. ಎದುರಿನ ಕನ್ನಡಿಯ ಚೌಕಟ್ಟಿನ ಕೆಳಗಿನ ಮರದ ಪಟ್ಟಿಗೆ ಕಣ್ಣು ಸಮ ಮಾಡಿಕೊಂಡು ಬ್ಲೇಡು ಎಳೆದರೆ ಮುಗಿಯಿತು.

ಒಂದು ದಿನ ಆ ಕನ್ನಡಿಯೇ ವಾಲಿದಂತೆ ಕಂಡಿತು. ಬೈದುಕೊಂಡೇ ಬೇರೆ ಕಡೆ ಮೊಳೆ ಹೊಡೆದು ನೇರ ಮಾಡಿದ. ಅಲ್ಲಿಂದ ಶುರುವಾಯಿತು ಗ್ರಹಚಾರ.

ನಿವೃತ್ತ ಮೇಷ್ಟ್ರು ಕೆನ್ನೆ ಸವರಿಕೊಂಡು, "ಏನಪ್ಪಾ, ಈ ಕಡೇದು ಮಹಡಿ ಹತ್ತಿದೆ, ಆ ಕಡೇದು ನೆಲಮಾಳಿಗೆಗೆ ಇಳಿದಿದೆ!" ಎಂದರು.

"ನಿಮ್ಮ ಕಿವೀನೇ ಮೇಲೆ ಕೆಳಗೆ ಇವೆ" ಎಂದ ಮಾಸ್ಟರ್.

ಮುಂದಿನ ಸಲ ಮೇಷ್ಟ್ರು ನೇರವಾಗಿ ತಮ್ಮನ ಕುರ್ಚಿಯಲ್ಲಿ ಕೂತರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಸರಿದರು. ಮಾಸ್ಟರ್ ದಿನವಿಡೀ ಖಾಲಿ ಕುರ್ಚಿಯನ್ನೇ ಒರೆಸುತ್ತಿದ್ದ. ಈ ಕೆಲಸ ಬಿಟ್ಟರೆ ಅವನಿಗೆ ಬೇರೇನು ಗೊತ್ತು?

ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುವವಳು. ಹೊಸ ಅಂಗಿಗೆ ಅವನ ಅಳತೆ ತೆಗೆಯುತ್ತಾ, "ರೀ, ನಿಮ್ಮ ಬಲಪಕ್ಕೆ ಗಿಡ್ಡ ಆಗಿದೆ. ಗಿರಾಕಿಗಳ ಮೇಲೆ ಬಗ್ಗಿ ಬಗ್ಗಿ ನೀವೇ ವಾಲಿಬಿಟ್ಟಿದ್ದೀರ" ಎಂದಳು.

"ನಿನ್ನ ಟೇಪು ಹಳೇದು!"

"ಟೇಪು ಹಳೇದು, ಕನ್ನಡಿ ವಾಲಿತ್ತು, ಮೇಷ್ಟ್ರ ಕಿವಿ ಸರಿ ಇಲ್ಲ. ನೀವೊಬ್ರೇ ನೆಟ್ಟಗಿರೋದು!"

ದಿನಾ ಹೊಲಿಗೆ ಮುಗಿದ ಮೇಲೆ ತಾನು ಮಾಡುತ್ತಿದ್ದ ವ್ಯಾಯಾಮವನ್ನೇ ಅವನಿಗೂ ಕಲಿಸಿದಳು. ಗೋಡೆಗೆ ಬೆನ್ನು ಹಚ್ಚಿ ನಿಂತು, ಬಲಗೈ ತಲೆಯ ಮೇಲೆ ಚಾಚಿ, ನಿಧಾನವಾಗಿ ಎಡಕ್ಕೆ ಬಾಗುವುದು. ಮುಂದಕ್ಕೆ ಜೋಲಬಾರದು, ಉಸಿರು ಕಟ್ಟಬಾರದು. ಆಮೇಲೆ ಇನ್ನೊಂದು ಕಡೆ.

"ಎಳೀತಿದೆ ಕಣೇ!"

"ಎಳೀಲಿ. ನೋವಾದ್ರೆ ಮಾತ್ರ ನಿಲ್ಸಿ."

"ನನ್ನನ್ನೇನು ಒದ್ದೆ ಬಟ್ಟೆ ಅಂದ್ಕೊಂಡ್ಯಾ, ಹಿಂಡೋಕೆ?"

"ಒದ್ದೆ ಬಟ್ಟೆ ಇಷ್ಟು ಮಾತಾಡಲ್ಲ."

ಬೈದ, ಗೊಣಗಿದ, ಆದರೆ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವವರೆಗೆ ಅವನ ಬೆನ್ನು ಗೋಡೆ ಬಿಡುತ್ತಿರಲಿಲ್ಲ. ಅಂಗಡಿಯಲ್ಲೂ ಬಗ್ಗುವುದನ್ನು ಬಿಟ್ಟು ಕುರ್ಚಿಯ ಸುತ್ತ ನಡೆದೇ ಕೆಲಸ ಮಾಡತೊಡಗಿದ. ತಲೆ ನರೆತ ಮೇಲೆ, ಕೈಗೆ ಹತ್ತಿದ ಕೆಲಸವನ್ನು ಮೊದಲಿನಿಂದ ಕಲಿಯುವುದೆಂದರೆ ಹುಡುಗಾಟವಲ್ಲ. ಅವನು ಕಲಿತ.

ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನೇ ಗುಡುಗಿದ: "ಯಾವನೋ ಕನ್ನಡಿ ವಾಲಿಸಿದೋನು?"

ತಮ್ಮ ಪೊರಕೆ ಹಿಡಿದು ನಿಂತಲ್ಲೇ ನಿಂತ. "ಯಾರೂ ಮುಟ್ಟಿಲ್ಲಣ್ಣ. ನೀನೇ ಹೊಡೆದ ಮೊಳೆ. ಅವತ್ತಿಂದ ಹಾಗೇ ಇದೆ."

"ಅವತ್ತೇ ಬೊಗಳೋಕೆ ಏನಾಗಿತ್ತು?"

"ನಿನ್ನ ಕೈಯಲ್ಲಿ ಸುತ್ತಿಗೆ ಇತ್ತಲ್ಲಣ್ಣ!"

ಮಾಸ್ಟರ್ ಬಲಪಕ್ಕೆ ಹಿಡಿದುಕೊಂಡು ನಕ್ಕ. ಕನ್ನಡಿ ಇಳಿಸಿ, ಹಳೆಯ ತೂತಿಗೇ ಮೊಳೆ ಕೂರಿಸಿದ.

ಸಂಜೆ ಬಂದ ಮೇಷ್ಟ್ರು ತಮ್ಮನ ಕುರ್ಚಿಯತ್ತ ಹೊರಟಾಗ ಮಾಸ್ಟರ್ ಟವೆಲ್ ಕೊಡವಿದ. "ಈ ಕಡೆ ಬನ್ನಿ ಮೇಷ್ಟ್ರೇ. ನಿಮ್ಮ ಕಿವಿ ಸರಿಯಾಗೇ ಇವೆ. ವಾಲಿದ್ದೋನು ನಾನು."

ಅವನ ಬಾಯಿಂದ ಅಂಥ ಮಾತನ್ನು ಆ ಅಂಗಡಿ ಹಿಂದೆಂದೂ ಕೇಳಿರಲಿಲ್ಲ. ಮೇಷ್ಟ್ರು ಕೂತರು. ಎರಡೂ ಕಡೆ ಗೆರೆ ಎಳೆದಂತೆ ಸಮ ಬಂದದ್ದು ನೋಡಿ ಖುಷಿಯಿಂದ ತಲೆಯಾಡಿಸಿದರು.

"ಕತ್ತು ಅಲ್ಲಾಡಿಸ್ಬೇಡಿ!" ಎಂದು ಮಾಸ್ಟರ್ ಗದರಿದ. "ಇನ್ನೂ ಮುಗಿದಿಲ್ಲ."