ಅಕ್ಕನ ದನಿಯಿದ್ದ ಸಾಲು

ಫೋನಿನಲ್ಲಿ ಟೈಪ್ ಮಾಡುವುದನ್ನು ನಾನು ಕಲಿತದ್ದು ಹೋದ ವರ್ಷ, ಮಸ್ಕಿಯ ನಮ್ಮ ಮನೆಯ ಕಟ್ಟೆಯ ಮೇಲೆ. ಮೊಮ್ಮಗಳು ಒಂದು ಕನ್ನಡ ಕೀಬೋರ್ಡ್ ಹಾಕಿಕೊಟ್ಟಿದ್ದಳು. ಅದನ್ನು ಯಾರೂ ಮಾರುವುದಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಕೂತು ಪುಕ್ಕಟೆ ಮಾಡಿದ್ದು, ಯಾರು ಬೇಕಾದರೂ ತಿದ್ದಬಹುದು. ಅದನ್ನು ಬಳಸುವ ರೀತಿ ಹೇಳಿಕೊಡುವ ಒಂದು ಪುಟವೂ ಇದೆ. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುವ ಮೊಮ್ಮಗಳು ಆ ಪುಟ ನೋಡಿಕೊಳ್ಳುವವರಲ್ಲಿ ಒಬ್ಬಳು.

ಒಂದು ಭಾನುವಾರ ಅವಳು ಬಂದ ಕೂಡಲೇ ಜಗಳ ತೆಗೆದೆ.

“ಏನಬೇ, ನಿನ್ನ ಪುಟದಾಗ ನೀಲಿ ಅಕ್ಷರ ಒತ್ತಿದ್ರ ಏನೂ ಬರಂಗಿಲ್ಲ! ಬರೇ ಬಾಗ್ಲ ನಿಲ್ಸಿ ಮನಿ ಕಟ್ಟೂದು ಮರ್ತೀರೇನು?”

“ಲಿಂಕ್ ಹಳೇವಾಗ್ಯಾವ ಅಜ್ಜಿ. ಆ ಪುಟ ಬ್ಯಾರೆ ಕಡೆ ಹೋಗ್ಯಾವ. ಅಷ್ಟು ಸಿಟ್ಟಿದ್ರ ನೀನ ತಿದ್ದು.”

“ತಿದ್ತೀನಿ. ನಿಮ್ಮೋರಿಗೆ ಹೇಳು, ಮುದುಕಿ ಬಂದಾಳಂತ.”

ಕೆಲಸ ಕಷ್ಟದ್ದಲ್ಲ. ಒಂದೊಂದೇ ಲಿಂಕ್ ಒತ್ತಬೇಕು. ತೆರೆಯದಿದ್ದರೆ ಆ ಪುಟ ಈಗ ಎಲ್ಲಿದೆ ಎಂದು ಹುಡುಕಿ ಹೊಸ ವಿಳಾಸ ಹಾಕಬೇಕು. ಯಾಕೆ ಬದಲಿಸಿದೆ ಎಂದು ಒಂದು ಸಾಲು ಬರೆದು ಕಳಿಸಬೇಕು. ಯಾವುದೋ ಊರಿನಲ್ಲಿ ಕೂತ ಇನ್ನೊಬ್ಬರು ನೋಡಿ ಒಪ್ಪುತ್ತಾರೆ. ಹೊಸ ವಿಳಾಸ ಸಿಗದ ಸಾಲನ್ನು ಅಳಿಸಬೇಕು, ಅದು ಅಲ್ಲಿಯ ನಿಯಮ.

ಪುಟದ ತಳದಲ್ಲಿ ಒಂದು ಸಾಲಿತ್ತು: ‘ಗದ್ದೆಯ ಮಾತುಗಳು, ಜವಳಗೇರಾದ ಹೆಣ್ಣುಮಗಳ ದನಿ.’

ಅದು ನನ್ನ ಅಕ್ಕ. ನಮ್ಮ ಕಡೆಯ ಮಾತು ಫೋನಿಗೂ ತಿಳಿಯಲಿ ಎಂದು ಲಿಂಗಸುಗೂರಿನ ಮಾಸ್ತರರೊಬ್ಬರು ಹಿಂದೆ ಗದ್ದೆಯ ಬದುವಿನ ಮೇಲೆ ಅವಳನ್ನು ಕೂರಿಸಿ ಮಾತು ರೆಕಾರ್ಡ್ ಮಾಡಿಕೊಂಡಿದ್ದರು. ಸಸಿ, ಕೆಸರು, ಬದು, ಕಾಲುವೆ ಎಂದು ಶಾಲೆಯ ಹುಡುಗಿಯಂತೆ ಒಪ್ಪಿಸಿದ ಅಕ್ಕ ಕೊನೆಗೆ, “ಆತೇನ್ರೀ ಮಾಸ್ತರ? ನನ್ನ ರೊಟ್ಟಿ ಒಣಗಾಕತ್ತಾವ” ಎಂದಳು. ಮಾಸ್ತರರು ಅದನ್ನೂ ಹಾಗೆಯೇ ಬಿಟ್ಟಿದ್ದರು. ಮೊಮ್ಮಗಳು ಒಮ್ಮೆ ಫೋನ್ ಹಿಡಿದು ಕೇಳಿಸಿದಾಗ ಅಕ್ಕ ನನ್ನ ಪಕ್ಕದಲ್ಲೇ ಕೂತು ನಕ್ಕಿದ್ದಳು. ಪಕ್ಕದಲ್ಲಿ ಕೂತವಳ ದನಿಯನ್ನು ಯಾರು ಎತ್ತಿಡುತ್ತಾರೆ? ಈಗ ಅವಳಿಲ್ಲ. ಮನೆಯಲ್ಲಿ ಫೋಟೋ ಇದೆ, ದನಿ ಇಲ್ಲ.

ಲಿಂಕ್ ಒತ್ತಿದೆ. ತೆರೆಯಲಿಲ್ಲ.

ಮರುದಿನ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಮಾಸ್ತರರು ನಿವೃತ್ತರಾಗಿ ಮನೆಯಲ್ಲಿದ್ದರು.

“ಅಕ್ಕಾರ, ಅದನ್ನ ಇಟ್ಟಿದ್ದ ಜಾಗಾನ ಮುಚ್ಚಿ ಹೋತ್ರಿ. ನನ್ನ ಕಂಪ್ಯೂಟರ್‌ನ್ಯಾಗ ಒಂದಿತ್ತು, ಅದೂ ಕೆಟ್ಟು ಹೋತು. ಇನ್ನೊಂದು ಕಡೆ ಇಡಬೇಕಿತ್ತು, ಇಡ್ಲಿಲ್ಲ.”

ಅವರು ತಲೆ ಎತ್ತಲಿಲ್ಲ. ಕೊಟ್ಟ ಚಹಾ ಕುಡಿದು ಬಂದೆ.

ಆ ಸಾಲನ್ನು ಅಳಿಸಲು ನನಗೆ ಕೈ ಬರಲಿಲ್ಲ. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮದೊಂದು ರೂಢಿ ಇತ್ತು. ಸಾಲಿನಲ್ಲಿ ಒಬ್ಬಳು ಬರದಿದ್ದರೆ ಅವಳ ಜಾಗ ಖಾಲಿ ಬಿಡುತ್ತಿರಲಿಲ್ಲ, ಬದಲಿ ನಿಲ್ಲಿಸುತ್ತಿದ್ದೆವು. ಅಕ್ಕ ಹೆತ್ತು ಮಲಗಿದಾಗ ಅವಳ ಸಾಲಿನಲ್ಲಿ ನಾನೇ ನಿಂತಿದ್ದೆ. ಈಗಲೂ ಹಾಗೇ ಮಾಡಿದೆ. ಇನ್ನಾರೋ ಹೆಣ್ಣುಮಗಳು ಅವೇ ಮಾತು ಹೇಳುವ ಪುಟ ಹುಡುಕಿ, ಅದರ ವಿಳಾಸವನ್ನು ಅಕ್ಕನ ಸಾಲಿಗೆ ಹಾಕಿದೆ. ಕಾರಣ ಬರೆಯುವಲ್ಲಿ ‘ಹೊಸ ವಿಳಾಸ’ ಎಂದೆ. ಪುಟ ನೋಡುವವರು ಒಪ್ಪಿಕೊಂಡು ಧನ್ಯವಾದ ಬೇರೆ ಹೇಳಿದರು.

ಮುಂದಿನ ಭಾನುವಾರ ಮೊಮ್ಮಗಳು ದೊಡ್ಡಜ್ಜಿಯ ದನಿ ಸಿಕ್ಕಿತೆಂದು ಓಡೋಡಿ ಬಂದು ಆ ಲಿಂಕ್ ಒತ್ತಿ ಕಿವಿಗೆ ಹಿಡಿದಳು. ಕೊನೆಯವರೆಗೂ ಕೇಳಿದಳು.

“ಅಜ್ಜಿ, ರೊಟ್ಟಿ ಮಾತು ಎಲ್ಲೈತಿ?”

“ತಿಂದು ಮುಗಿಸ್ಯಾಳ ತಗಾ.”

ಅವಳು ನಗಲಿಲ್ಲ. “ಇದು ದೊಡ್ಡಜ್ಜಿ ಅಲ್ಲ. ಕೇಳಿದೋರು ಜವಳಗೇರಾದಾಗ ಹಿಂಗ ಮಾತಾಡ್ತಾರ ಅಂತ ನಂಬ್ತಾರ. ಈ ಹೆಣ್ಮಗಳಿಗೂ ತನ್ನದೊಂದು ಊರಿರತೈತಿ, ಅದನ್ನೂ ಕಳದಿ ನೀ.”

ಬೆಳೆದ ಪೈರು ನೋಡಿದರೆ ನೆಟ್ಟ ಕೈ ಯಾರದೆಂದು ಗೊತ್ತಾಗುವುದಿಲ್ಲ, ಅಲ್ಲಿ ಬದಲಿ ನಡೆಯುತ್ತದೆ. ದನಿಗೆ ನಡೆಯುವುದಿಲ್ಲ.

“ನಾ ಅಳಸ್ಲೇನು?” ಎಂದಳು.

“ಬ್ಯಾಡ. ಹಾಕಿದಾಕಿ ನಾನು.”

ಸಾಲನ್ನು ಅಳಿಸಿದೆ. ಕಾರಣ ಬರೆಯುವಲ್ಲಿ ಒಂದೊಂದೇ ಅಕ್ಷರ ಒತ್ತಿದೆ: ‘ಬದಲಿ ದನಿ ಹಾಕಿದ್ದು ನನ್ನ ತಪ್ಪು. ಇಲ್ಲಿದ್ದ ದನಿ ಈಗ ಇಲ್ಲ. ಹುಡುಕಿದ್ದೇನೆ.’

ಒಪ್ಪಿಗೆ ಬಂದ ಮೇಲೆ ಮೊಮ್ಮಗಳು ಇನ್ನೊಂದು ಪುಟ ತೆರೆದು ತೋರಿಸಿದಳು. ತಿದ್ದಿದ್ದು, ಅಳಿಸಿದ್ದು ಎಲ್ಲ ಅಲ್ಲಿ ಉಳಿದಿರುತ್ತದಂತೆ. ಕೆಳಕ್ಕೆ ಸರಿಸುತ್ತಾ ಹೋದರೆ, ಮೊದಲಿದ್ದ ಹಳೆಯ ವಿಳಾಸದ ಜೊತೆಗೆ ಅಕ್ಕನ ಸಾಲು ಕೆಂಪು ಬಣ್ಣದಲ್ಲಿತ್ತು, ಮುಂದೆ ಒಂದು ಕಳೆಯುವ ಗುರುತು.

“ಇದೂ ಹೋಗತೈತೇನು?”

“ಕೀಬೋರ್ಡ್ ಇರೋತನಕ ಇರತೈತಿ ಅಜ್ಜಿ.”

ಆಗಾಗ ಅಲ್ಲಿಗೆ ಹೋಗಿ ಬರುತ್ತೇನೆ. ಆ ವಿಳಾಸದಲ್ಲಿ ಏನೂ ತೆರೆಯುವುದಿಲ್ಲ. ಒತ್ತಿ ನೋಡಿದ್ದೇನೆ.