ಏಳನೆಯ ಶೀಶೆ

ಮೊಮ್ಮಕ್ಕಳೇ, ನಿಮ್ಮ ಚಂದ್ರು ಅಜ್ಜನ ವಿಜ್ಞಾನವನ್ನು ಹಾಳು ಮಾಡಿದವಳು ನಾನು. ಪುಟಾಣಿ ಕಡಲೆ, ಬೆಲ್ಲ ತಿಂದು — ಮತ್ತು ತಿಂದಿಲ್ಲ ಎಂದು ಹೇಳಿ. ನೀವು ಅವನನ್ನು ‘ಡಿಗ್ರಿ ಇಲ್ಲದ ಡಾಕ್ಟರ್’ ಎಂದು ಕರೆದು ನಗುತ್ತೀರಿ. ನಗಬೇಕಾದದ್ದು ನನ್ನನ್ನು ನೋಡಿ.

ಎಪ್ಪತ್ತರ ದಶಕದ ಮಾತು. ನೇಸರಗಿಯಲ್ಲಿ ಏಳನೆಯ ಇಯತ್ತೆ ಕಲಿತು ರಾಮದುರ್ಗದ ಈ ಮನೆಗೆ ಸೊಸೆಯಾಗಿ ಬಂದಿದ್ದೆ. ನಾಲ್ಕು ಜನರೆದುರು ಬಾಯಿ ಬಿಡಲಾರದವಳು. ಊರಲ್ಲಿ ನನ್ನ ಹೆಸರು ನಡೆದದ್ದು ಒಂದೇ ಕಾರಣಕ್ಕೆ — ನವರಾತ್ರಿಯ ಉಪವಾಸ. ಒಂಬತ್ತು ದಿನ ಬರೀ ನೀರು! ಓಣಿಯ ಹೆಂಗಸರು ಬಂದು ಕಾಲಿಗೆ ಬೀಳುತ್ತಿದ್ದರು. ನಾನು ನಾಚಿ ತಲೆ ತಗ್ಗಿಸುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ. ಎರಡನೆಯ ದಿನದಿಂದಲೇ ಹಿತ್ತಲ ಕಟ್ಟಿಗೆ ಕೋಣೆಯಲ್ಲಿ ನಿಂತು, ದಿನಕ್ಕೆ ನಾಲ್ಕು ಸಲ ಪುಟಾಣಿ ಬೆಲ್ಲ ಮುಕ್ಕಿ, ಬಾಯಿ ಒರೆಸಿಕೊಂಡು ಬಂದು ದೇವಿಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಎಂಥ ಭಕ್ತೆ!

ಚಂದ್ರು ನನ್ನ ಮೈದುನ; ಆಗ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ. ಮೈಯ ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ, ಹೊಟ್ಟೆಗೆ ಅನ್ನ ಬೀಳದಿದ್ದಾಗ ಮಿದುಳು ತನ್ನ ಒಲೆಗಳಿಗೆ ಬೇರೆ ಕಟ್ಟಿಗೆ ಹಾಕಿಕೊಳ್ಳುತ್ತದೆ, ಅದು ಮೈಯ ಕೊಬ್ಬಿನಿಂದ ಬರುತ್ತದೆ — ಎಂದು ಒಲೆ ಊದುತ್ತಿದ್ದ ನನಗೆ ಪಕ್ಕದಲ್ಲಿ ಕೂತು ತಿಳಿಸಿದವನು. ಉಪವಾಸ ಇದ್ದವರ ಮೂತ್ರದಲ್ಲಿ ಅದರ ಗುರುತು ಸಿಗುತ್ತದಂತೆ. ಅವನ ಪುಡಿ ಹಾಕಿದರೆ ನೇರಳೆ ಬಣ್ಣ. ಆ ವರ್ಷದ ನವರಾತ್ರಿಯಲ್ಲಿ ನನ್ನನ್ನೂ ಸೇರಿಸಿ ಓಣಿಯ ಏಳು ಹೆಂಗಸರಿಗೆ ಮೂತ್ರ ಹಿಡಿಯಲು ಏಳು ಶೀಶೆ ಕೊಟ್ಟ. ಐದನೆಯ ದಿನ ಆರು ನೇರಳೆಯಾದವು. ನನ್ನದು ಬಣ್ಣ ತಿರುಗಲಿಲ್ಲ.

“ನಮ್ಮ ಸೊಸಿ ಮೈಯಾಗ ದೇವಿನ ಅದಾಳೋ! ನಿನ್ನ ಪುಡಿಗೇನ ತಿಳೀತೈತಿ?” ಎಂದರು ಅತ್ತೆ.

ಚಂದ್ರು ನಕ್ಕ. ಆದರೆ ಅವನೂ ತನ್ನ ರೀತಿಯಲ್ಲಿ ಅದನ್ನೇ ನಂಬಿದ — ವರ್ಷವರ್ಷ ಉಪವಾಸ ಮಾಡಿದವರ ಮಿದುಳು ಆ ಕಟ್ಟಿಗೆಯನ್ನು ಚೂರೂ ಉಳಿಸದೆ ಉರಿಸುತ್ತದೆ, ಅದಕ್ಕೇ ಮೂತ್ರದಲ್ಲಿ ಗುರುತು ಸಿಗುವುದಿಲ್ಲ ಎಂದು ಬರೆದ. ಅಷ್ಟು ಓದಿದವನು! ಹಿತ್ತಲ ಕೋಣೆಯ ಬಾಗಿಲು ತೆರೆದು ನೋಡುವ ಬುದ್ಧಿ ಬರಲಿಲ್ಲ.

ಪುಣೆಯ ಸಭೆಯೊಂದರಲ್ಲಿ ಅದನ್ನು ಓದಿದಾಗ ದೊಡ್ಡ ವಿಜ್ಞಾನಿಯೊಬ್ಬರು ಎದ್ದು, ನಿಮ್ಮ ಅತ್ತಿಗೆಯ ಸೆರಗು ಜಾಡಿಸಿ ನೋಡಿದಿರಾ ಎಂದು ಕೇಳಿದರಂತೆ. ಸಭೆಯೆಲ್ಲ ನಕ್ಕಿತಂತೆ. ಕಾಣದ ಹೆಂಗಸಿನ ಸೆರಗಿನ ಮೇಲೆ ನಗುವ ಆ ದೊಡ್ಡವರ ಮೇಲೆ ನನಗೇನೂ ಗೌರವವಿಲ್ಲ. ಆದರೆ — ಅವರ ಅನುಮಾನ ಸರಿಯಿತ್ತು.

ಅವನು ನೇರವಾಗಿ ಮನೆಗೆ ಬಂದ. “ವೈನಿ, ಸಿಟ್ಟಾಗಬ್ಯಾಡ್ರಿ. ಏನರ ತಿಂದಿದ್ರೇನು? ತಿಂದಿದ್ರ ಖರೇ ಹೇಳಿಬಿಡ್ರಿ, ನಿಮ್ಮದೊಂದ ಸಾಲು ಹೊಡದ ಹಾಕತೇನಿ. ಉಳಿದ ಆರು ಸಾಕು ನನಗ.”

ಒಂದು ಸಾಲು. ಅಷ್ಟೇ ಕೇಳಿದ್ದು. ಅತ್ತೆ ಇದ್ದರು, ನನ್ನ ಗಂಡ — ನಿಮ್ಮ ಅಜ್ಜ — ಇದ್ದರು, ಕಟ್ಟೆಯ ಮೇಲೆ ಕೂತ ಓಣಿಯ ಹೆಂಗಸರು ಕಿವಿ ಇತ್ತ ಇಟ್ಟಿದ್ದರು. ನಾನು —

“ನನ್ನ ಕುಂಕುಮದ ಆಣಿ, ನೀರ ಬಿಟ್ಟು ಏನೂ ಮುಟ್ಟಿಲ್ಲ.”

ನಾಲ್ಕು ಜನರೆದುರು ಧ್ವನಿ ಏಳದವಳಿಗೆ ಅವತ್ತು ಚೆನ್ನಾಗಿ ಎದ್ದಿತು.

ಅವನು ಮತ್ತೆ ಕೇಳಲಿಲ್ಲ. ಧಾರವಾಡದ ತನ್ನ ಗುರುಗಳೆದುರು “ನಮ್ಮ ವೈನಿ ಸುಳ್ಳ ಹೇಳಾಕಿ ಅಲ್ರಿ” ಎಂದು ಹಟ ಹಿಡಿದನಂತೆ. ಆ ಸಾಲು ತೆಗೆಯಲಿಲ್ಲ. ಅವರು ಇಡೀ ಬರಹವನ್ನೇ ಒಲ್ಲೆಂದರು. ಆರು ಹೆಂಗಸರ ನಿಜವಾದ ಹಸಿವೂ ನನ್ನ ಸುಳ್ಳಿನ ಜೊತೆ ಕಸಕ್ಕೆ ಹೋಯಿತು. ಡಾಕ್ಟರ್ ಪದವಿ ಸಿಗದೆ ಅವನು ಬೈಲಹೊಂಗಲದಲ್ಲಿ ಸಾಲಿ ಮಾಸ್ತರನಾದ, ಹಾಗೆಯೇ ನಿವೃತ್ತನಾದ.

ನಿಮ್ಮ ಅಜ್ಜ ತೀರಿದ್ದು ಆ ಆಣೆಯಿಂದ ಎಂದು ಅಳಲಾರೆ. ಇಪ್ಪತ್ತು ವರ್ಷ ಬಿಟ್ಟು ಜ್ವರದಿಂದ ತೀರಿದರು. ಶಿಕ್ಷೆ ಆಗಿಹೋಯಿತು ಎಂದುಕೊಂಡು ಹಗುರಾಗುವುದು — ಅದೂ ಕದ್ದು ಪುಟಾಣಿ ಮುಕ್ಕಿದ ಹಾಗೆಯೇ.

ಎಪ್ಪತ್ತು ದಾಟಿದ ಚಂದ್ರು ಈಗಲೂ ಪ್ರತಿ ನವರಾತ್ರಿಗೆ ಬಂದು, ಮೊಣಕಾಲು ಹಿಡಿದುಕೊಂಡು ಬಗ್ಗಿ, ನನ್ನ ಪಾದ ಮುಟ್ಟುತ್ತಾನೆ. ನಾನು ಮುಟ್ಟಿಸಿಕೊಳ್ಳುತ್ತೇನೆ. ಥೂ.

ಈ ಸಲ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಟ್ಟೆಯಲ್ಲಿ ಪುಟಾಣಿ ಬೆಲ್ಲ ಇಟ್ಟುಕೊಂಡು ಅವನೆದುರೇ ತಿನ್ನುತ್ತೇನೆ, ಆಮೇಲೆ ಬರೆದಿಟ್ಟ ಇದನ್ನು ಓದುತ್ತೇನೆ. ನೀವೆಲ್ಲ ಅಲ್ಲಿರಬೇಕು, ಓಣಿಯವರನ್ನೂ ಕರೆಯಿರಿ. ಆಣೆ ಮಾಡಿದ್ದು ಎಲ್ಲರೆದುರು.